ಓದುಗರ ಪ್ರಶ್ನೆ: ಜೊಲ್ಲಿನ ಕಿಣ್ವ ಕಾಗದದ ಮೇಲೆ ಸರಿಯುವುದು ಹೇಗೆ?

ಪ್ರಶ್ನೆ: ಅಮೈನೋ ಆಮ್ಲಗಳಿಗೆ ಮಾಡುವಂತೆ ಬ್ಯುಟನಾಲ್, ಅಸಿಟಿಕ್ ಆಮ್ಲ ಬಳಸಿ ಜೊಲ್ಲಿನ ಕಾಗದ ಕ್ರೊಮೆಟೋಗ್ರಫಿ (ಕಾಗದದಲ್ಲಿ ದ್ರಾವಕ ಹರಿಸಿ ವಸ್ತುಗಳನ್ನು ಬೇರೆ ಮಾಡುವ ವಿಧಾನ) ಮಾಡಿದೆವು. ಚುಕ್ಕೆ ಇಟ್ಟಲ್ಲೇ ಕೂತಿದೆ, ಪಿಷ್ಟವನ್ನೂ ಒಡೆಯುತ್ತಿಲ್ಲ. ಕಡಿಮೆ ಖರ್ಚಿನ ಬೇರೆ ದಾರಿ ಇದೆಯೇ? (ಉಪನ್ಯಾಸಕಿ, ಗೌರಿಬಿದನೂರು)

ಉತ್ತರ: ಜೊಲ್ಲಿನಲ್ಲಿ ಪಿಷ್ಟ ಒಡೆಯುವ ಕಿಣ್ವ ಅಮೈಲೇಸ್. ಆ ದ್ರಾವಕದಲ್ಲಿ ಅದು ಕೆಟ್ಟು ಹೆಪ್ಪುಗಟ್ಟುತ್ತದೆ. ಅದನ್ನು ಕೆಡಿಸದೆ ಸರಿಸಬೇಕಾದರೆ ಒದ್ದೆ ಕಾಗದದಲ್ಲಿ ವಿದ್ಯುತ್ ಹಾಯಿಸಬೇಕು.

ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 3.8 ಗ್ರಾಂ ಬಿಳಿಗಾರ (ಬೋರಾಕ್ಸ್) ಕರಗಿಸಿದರೆ ಪಿಎಚ್ ಸುಮಾರು 9.2 ಬರುತ್ತದೆ. ಎರಡು ಪ್ಲಾಸ್ಟಿಕ್ ಡಬ್ಬಿಗಳಿಗೆ ಇದನ್ನು ಸಮಮಟ್ಟಕ್ಕೆ ತುಂಬಿ, ಹಳೆಯ ಟಾರ್ಚ್ ಸೆಲ್ಲಿನ ಕಾರ್ಬನ್ ಕಡ್ಡಿಗಳನ್ನು ನಿಲ್ಲಿಸಿ. ಮಟ್ಟ ಹೆಚ್ಚುಕಮ್ಮಿಯಾದರೆ ದ್ರವವೇ ಪಟ್ಟಿಯ ಮೂಲಕ ಹರಿದು ಚುಕ್ಕೆಯನ್ನು ಎಳೆದೊಯ್ಯುತ್ತದೆ. 2 × 20 ಸೆಂ.ಮೀ. ಅಳತೆಯ ವಾಟ್‌ಮನ್ 1 ಫಿಲ್ಟರ್ ಪೇಪರ್ ಪಟ್ಟಿಯ ನಡುವೆ ಪೆನ್ಸಿಲ್ ಗೆರೆ ಹಾಕಿ, ಅದೇ ದ್ರಾವಣದಲ್ಲಿ ಅದ್ದಿ, ಹೊಳಪು ಹೋಗುವವರೆಗೆ ಫಿಲ್ಟರ್ ಪೇಪರಿನಿಂದ ಒತ್ತಿ. ನೀರು ನಿಂತರೆ ಚುಕ್ಕೆ ಹರಡುವುದು ಖಚಿತ.

ಬಾಯಿ ಮುಕ್ಕಳಿಸಿ ಹತ್ತು ನಿಮಿಷ ಬಿಟ್ಟು ಜೊಲ್ಲು ಹಿಡಿಯಿರಿ. ಒಮ್ಮೆ ಫ್ರೀಜರಿನಲ್ಲಿಟ್ಟು ಕರಗಿಸಿದರೆ ಲೋಳೆ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಹತ್ತು ಪಟ್ಟು ತೆಳುಮಾಡಿ, 5 ಮೈಕ್ರೋಲೀಟರ್ ಗೆರೆಯ ಮೇಲಿಡಿ. ಪಟ್ಟಿಯ ತುದಿಗಳು ಡಬ್ಬಿಗಳಲ್ಲಿ ಮುಳುಗಿರಲಿ, ಮೇಲೆ ಮುಚ್ಚಳವಿರಲಿ. 9 ವೋಲ್ಟಿನ ಹತ್ತು ಬ್ಯಾಟರಿಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ 90 ವೋಲ್ಟ್. ಇದು ಶಾಕ್ ಹೊಡೆಯುತ್ತದೆ, ತಂತಿ ಕಳಚದೆ ಪಟ್ಟಿ ಮುಟ್ಟಲೇಬೇಡಿ. ಒಂದೂವರೆ ಗಂಟೆ ಬಿಡಿ.

ಕಿಣ್ವ ಕಣ್ಣಿಗೆ ಕಾಣದು. 100 ಮಿ.ಲೀ. ಪಿಎಚ್ 6.9 ಫಾಸ್ಫೇಟ್ ಬಫರಿಗೆ (ಪಿಎಚ್ ಬದಲಾಗದಂತೆ ತಡೆಯುವ ದ್ರಾವಣ, 20 ಮಿಲಿಮೋಲಾರ್) ಅಗರ್ (ತಣಿದಾಗ ಗಟ್ಟಿಯಾಗುವ ಪುಡಿ) 1 ಗ್ರಾಂ, ಕರಗುವ ಪಿಷ್ಟ ಅರ್ಧ ಗ್ರಾಂ, ಉಪ್ಪು 0.04 ಗ್ರಾಂ ಹಾಕಿ ಕುದಿಸಿ ತಟ್ಟೆಗೆ ಹೊಯ್ಯಿರಿ. ಉಪ್ಪು ಬಿಡಬೇಡಿ, ಅಮೈಲೇಸ್ ಚುರುಕಾಗಲು ಕ್ಲೋರೈಡ್ ಬೇಕು. ಪಟ್ಟಿಯನ್ನು ಅದರ ಮೇಲೆ ಮಗುಚಿ 37 ಡಿಗ್ರಿಯಲ್ಲಿ 20 ನಿಮಿಷ ಇಟ್ಟು ತೆಗೆದು, ತೆಳು ಅಯೋಡಿನ್ ಸುರಿಯಿರಿ. ನೀಲಿಯ ನಡುವೆ ಬಣ್ಣವಿಲ್ಲದ ಪಟ್ಟೆ ಕಂಡರೆ ಅಲ್ಲಿ ಅಮೈಲೇಸ್ ಇದೆ. ಕುದಿಸಿದ ಜೊಲ್ಲಿನದೊಂದು, ವಿದ್ಯುತ್ ಹಾಯಿಸದ್ದೊಂದು ಪಟ್ಟಿ ಜೊತೆಗಿರಲೇಬೇಕು.

ಪಟ್ಟೆ ಅಗಲವಾಗಿಯೇ ಬರುತ್ತದೆ. ಅಮೈಲೇಸಿನ ಉಪರೂಪಗಳನ್ನು (ಒಂದೇ ಕಿಣ್ವದ ತುಸು ಭಿನ್ನ ರೂಪಗಳನ್ನು) ಬೇರೆ ಮಾಡುವಷ್ಟು ಚುರುಕುತನ ಕಾಗದಕ್ಕಿಲ್ಲ.

ಪ್ರಶ್ನೆ: ಬೋರ್‌ವೆಲ್ ನೀರಿನಲ್ಲಿ ಮಾಡಿದಾಗ ಪಟ್ಟಿ ಬಿಸಿಯಾಗಿ ನಡುವೆ ಒಣಗಿತು. ಫ್ಲೋರೈಡ್ ಕಾರಣವೇ? (ಶ್ರೀನಿವಾಸಪುರ)

ಉತ್ತರ: ಅಲ್ಲ. ನಮ್ಮ ಕಡೆಯ ಆಳದ ನೀರಿನಲ್ಲಿ ಕರಗಿರುವ ಒಟ್ಟು ಲವಣಗಳೇ ಕಾರಣ. ಲವಣ ಹೆಚ್ಚಿದಷ್ಟೂ ಕರೆಂಟ್ ಹೆಚ್ಚು, ಬಿಸಿಯೂ ಹೆಚ್ಚು. ಶುದ್ಧ ನೀರಿನ ಘಟಕದ ನೀರಿನಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ; ಗ್ಯಾರೇಜಿನಲ್ಲಿ ಸಿಗುವ ಬ್ಯಾಟರಿ ನೀರು (ಡಿಸ್ಟಿಲ್ಡ್ ನೀರು, ಆಸಿಡ್ ಅಲ್ಲ) ತನ್ನಿ.

ಪ್ರಶ್ನೆ: ಅಮೈಲೇಸ್ ಪ್ಲಸ್ ಕಡೆಗೆ ಹೋಗಬೇಕಿತ್ತು, ಮೈನಸ್ ಕಡೆಗೆ ಜರುಗಿದೆ. ತಂತಿ ತಿರುಗುಮುರುಗಾಯಿತೇ? (ತಿಪಟೂರು)

ಉತ್ತರ: ಗುಳ್ಳೆ ಹೆಚ್ಚು ಏಳುವ ಕಡ್ಡಿಯೇ ಮೈನಸ್, ಮೊದಲು ಅದನ್ನು ನೋಡಿ. ತಂತಿ ಸರಿಯಿದ್ದರೆ ದೋಷ ನಿಮ್ಮದಲ್ಲ. ಕಾಗದದ ನಾರಿಗೆ ಋಣ ಆವೇಶ ಇರುವುದರಿಂದ ದ್ರವವೇ ನಿಧಾನವಾಗಿ ಮೈನಸ್ ಕಡೆಗೆ ಹರಿಯುತ್ತದೆ. ಈ ಪಿಎಚ್‌ನಲ್ಲಿ ಅಮೈಲೇಸಿನ ಋಣ ಆವೇಶ ಕಡಿಮೆ, ಹರಿವು ಅದನ್ನು ಹಿಂದಕ್ಕೆ ತಳ್ಳಬಲ್ಲದು. ಈ ಹರಿವನ್ನು ಅಳೆಯಲು ಗ್ಲೂಕೋಸ್ ಚುಕ್ಕೆ ಇಡುವವರಿದ್ದಾರೆ. ಬಿಳಿಗಾರದ ದ್ರಾವಣದಲ್ಲಿ ಅದು ನಡೆಯದು: ಬೋರೇಟ್ ಸಕ್ಕರೆಗೆ ಅಂಟಿ ಅದಕ್ಕೂ ಋಣ ಆವೇಶ ಕೊಡುತ್ತದೆ.