ಊರಿನ ಮಣ್ಣಿನಲ್ಲೇ ಪ್ರಾರ್ಥನಾ ಮಂದಿರ

ಪ್ರಶ್ನೆ: ನಮ್ಮ ಊರಿನ ಕ್ರೈಸ್ತ ಕುಟುಂಬಗಳೆಲ್ಲ ಸೇರಿ, ಸುಮಾರು ಅರವತ್ತು ಮಂದಿ ಕೂರುವಂಥ ಪ್ರಾರ್ಥನಾ ಮಂದಿರವನ್ನು ಮಣ್ಣು ಮತ್ತು ಕಲ್ಲಿನಲ್ಲೇ ಕಟ್ಟಬೇಕೆಂದಿದ್ದೇವೆ. ಮಣ್ಣಿನ ಗೋಡೆ ಮಳೆಗೆ ನಿಲ್ಲುವುದೇ ಎಂಬ ಅನುಮಾನ ಹಿರಿಯರದು. ಮೈಸೂರಿನ ಸಂತ ಫಿಲೋಮಿನಾ ಚರ್ಚಿನಂತೆ ಗೋಪುರವಿರಲಿ ಎಂಬುದು ಕಿರಿಯರ ಆಸೆ. ತಮ್ಮ ಸಲಹೆಯೇನು?
— ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ಖಂಡಿತ ನಿಲ್ಲುತ್ತದೆ, ಆದರೆ ತಳಕ್ಕೂ ತಲೆಗೂ ರಕ್ಷಣೆಯಿರಬೇಕು. ನಿಮ್ಮದು ನಾಲೆಯ ಅಚ್ಚುಕಟ್ಟಿನ ಊರಾದರೆ ನೆಲದ ತೇವ ಗೋಡೆಗೆ ಏರುವುದೇ ಮಳೆಗಿಂತ ದೊಡ್ಡ ತೊಂದರೆ. ಆದ್ದರಿಂದ ಸೈಜುಗಲ್ಲಿನ ಪಾಯವನ್ನು ನೆಲದಿಂದ ಎರಡು ಅಡಿ ಮೇಲಕ್ಕೆ ತಂದು, ಅದರ ಮೇಲೆ ತೇವ ತಡೆಯುವ ಪದರ ಹಾಕಿ, ಅನಂತರವೇ ಮಣ್ಣಿನ ಇಟ್ಟಿಗೆ ಇಡಿಸಿರಿ. ಹೆಂಚಿನ ಸೂರು ಗೋಡೆಯಿಂದ ಎರಡೂವರೆ ಅಡಿಯಾದರೂ ಹೊರಚಾಚಿರಲಿ. ಹಣ ಸಾಲದಿದ್ದರೆ ಬೇರೆಲ್ಲಾದರೂ ಕಡಿತ ಮಾಡಿ, ಇವೆರಡರಲ್ಲಿ ಮಾತ್ರ ಬೇಡ.

ಗದ್ದೆಯ ಮಣ್ಣು ಈ ಕೆಲಸಕ್ಕೆ ಒಗ್ಗದು. ಹೊಲದ ಕೆಮ್ಮಣ್ಣು ಒಳ್ಳೆಯದು. ಬೇರು, ಗೊಬ್ಬರದ ಅಂಶವಿರುವ ಮೇಲ್ಮಣ್ಣನ್ನು ತೆಗೆದುಹಾಕಿ, ಅದರ ಕೆಳಗಿನದನ್ನು ಗಾಜಿನ ಬಾಟಲಿಯ ಮೂರನೆಯ ಒಂದು ಭಾಗಕ್ಕೆ ತುಂಬಿ, ನೀರು ಮತ್ತು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಅಲುಗಿಸದೆ ಇಡಿ. ಮರಳು ತಳಕ್ಕಿಳಿದು, ಜೇಡಿ ಮೇಲೆ ನುಣುಪಾದ ಪದರವಾಗಿ ಕೂರುತ್ತದೆ. ಆ ಮೇಲಿನ ಪದರ ದಪ್ಪವಾಗಿದ್ದರೆ ಇಟ್ಟಿಗೆ ಒಣಗುವಾಗ ಬಿರುಕು ಬಿಡುತ್ತದೆ. ಮರಳನ್ನೋ ಕಲ್ಲುಪುಡಿಯನ್ನೋ ಬೆರೆಸಬೇಕು. ಹದವಾದ ಮಣ್ಣಿಗೆ ನೂರಕ್ಕೆ 5ರಿಂದ 8 ಪಾಲು ಸಿಮೆಂಟ್ ಸೇರಿಸಿ, ಕೈಯಂತ್ರದಲ್ಲಿ ಒತ್ತಿ, ಮೂರು ವಾರ ನೆರಳಿನಲ್ಲಿ ನೀರು ಚಿಮುಕಿಸಿದರೆ, ಸುಡದೆಯೇ ಗಟ್ಟಿ ಇಟ್ಟಿಗೆ ಸಿಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ಈ ವಿಧಾನವನ್ನು ಬೆಳೆಸಿತು. ಒಳಗೋಡೆಗೆ ಸುಣ್ಣದ ಗಾರೆ ಸಾಕು. ಹಿಂದಿನವರು ಗಾರೆಗೆ ಬೆಲ್ಲದ ನೀರನ್ನೂ ಬೆರೆಸುತ್ತಿದ್ದರು, ನಿಮ್ಮ ಸೀಮೆಯಲ್ಲಿ ಆಲೆಮನೆಗಳಿಗೆ ಬರವಿಲ್ಲ.

ಅರವತ್ತು ಮಂದಿಗೆ ಇಪ್ಪತ್ತಕ್ಕೆ ಮೂವತ್ತು ಅಡಿ ಸಾಲುತ್ತದೆ. ಉದ್ದನೆಯ ಗೋಡೆಗಳಿಗೆ ಸುಮಾರು ಹತ್ತು ಅಡಿಗೊಂದು ಆಸರೆಗಂಬ ಮತ್ತು ಬಾಗಿಲು-ಕಿಟಕಿಗಳ ನೆತ್ತಿಯ (ಲಿಂಟಲ್) ಮಟ್ಟದಲ್ಲಿ ಸುತ್ತ ಕಾಂಕ್ರೀಟ್ ಪಟ್ಟಿ ಬೇಕು. ಇದನ್ನು ಎಂಜಿನಿಯರರಿಗೆ ತೋರಿಸದೆ ಮುಂದುವರಿಯಬೇಡಿ. ಬಲಿಪೀಠದ ಪಕ್ಕದ ಗೋಡೆಯಲ್ಲಿ ಇಟ್ಟಿಗೆಗಳ ನಡುವೆ ಜಾಲಂಧ್ರ ಬಿಟ್ಟರೆ ಬೆಳಕೂ ಗಾಳಿಯೂ ಬರುತ್ತವೆ.

ಗೋಪುರದ ಆಸೆ ನನಗೆ ಅರ್ಥವಾಗುತ್ತದೆ. ಆದರೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದ ಆ ಚರ್ಚು ರಾಜಧಾನಿಯೊಂದರ ಅಳತೆಯದು. ನಿಮ್ಮ ಅಂಗಳದಲ್ಲಿ ಎರಡು ಕಲ್ಲುಕಂಬ ನೆಟ್ಟು ನಡುವೆ ಗಂಟೆ ತೂಗಿಸಿದರೆ, ಮಣ್ಣಿನ ಗೋಡೆಗೆ ಭಾರ ಬೀಳುವುದಿಲ್ಲ, ಊರಿಗೆಲ್ಲ ಕೇಳಿಸುತ್ತದೆ.

ಪಂಚಾಯಿತಿಯ ಅನುಮತಿಯನ್ನು ಮೊದಲೇ ಪಡೆಯಿರಿ. ಇಟ್ಟಿಗೆಯನ್ನು ಜನವರಿಯಲ್ಲಿ ಒತ್ತಲು ತೊಡಗಿದರೆ, ಏಪ್ರಿಲ್ ಕೊನೆಯ ಗಾಳಿಮಳೆಗೆ ಮುಂಚೆ ಸೂರು ಏರಿಸಲು ಸಾಧ್ಯವಾದೀತು.