ಬಿಡುವಿನ ಮಧ್ಯಾಹ್ನದ ಪರವಾಗಿ

ಓದುಗರ ಪತ್ರ: ನಾನು ದಾವಣಗೆರೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅಧ್ಯಾಪಕ. ಈಚೆಗೆ ಭಾಗವಹಿಸಿದ ರಾಜ್ಯಮಟ್ಟದ ವಿಚಾರ ಸಂಕಿರಣದಲ್ಲಿ ಒಂದು ಇಡೀ ಮಧ್ಯಾಹ್ನ ‘ಪರಸ್ಪರ ಮಾತುಕತೆ’ಗೆಂದು ಖಾಲಿ ಬಿಟ್ಟಿದ್ದರು. ಶುಲ್ಕ ಕಟ್ಟಿ, ರಜೆ ಹಾಕಿ ಬಂದವರಿಗೆ ಆ ಹೊತ್ತಿನಲ್ಲಿ ಇನ್ನೂ ನಾಲ್ಕು ಉಪನ್ಯಾಸ ಏರ್ಪಡಿಸಬಾರದಿತ್ತೇ?

ಸಂಪಾದಕರ ಉತ್ತರ: ನಿಮ್ಮ ಬೇಸರದಲ್ಲಿ ಹುರುಳಿದೆ. ಯಾವ ಸಿದ್ಧತೆಯೂ ಇಲ್ಲದೆ ಜನರನ್ನು ಸುಮ್ಮನೆ ಬಿಟ್ಟರೆ ಪರಿಚಿತರು ಪರಿಚಿತರೊಡನೆ ಗುಂಪುಗೂಡುತ್ತಾರೆ, ಹೊಸಬರು ಮೊಬೈಲ್ ನೋಡುತ್ತಾ ಗೋಡೆಗೆ ಒರಗುತ್ತಾರೆ. ಅಷ್ಟರಮಟ್ಟಿಗೆ ಸಂಘಟಕರದೇ ತಪ್ಪು. ಆದರೆ ಇನ್ನೂ ನಾಲ್ಕು ಉಪನ್ಯಾಸ ಬೇಕಿತ್ತೆಂಬ ಮಾತನ್ನು ರಸಾಯನಶಾಸ್ತ್ರ ಕಲಿಸುವ ನೀವು ಹೇಳಬಾರದಿತ್ತು.

ಏಕೆಂದರೆ ಬಿಡುವಿಗೆ ಗೌರವದ ಸ್ಥಾನ ಕೊಟ್ಟ ಒಂದು ದೊಡ್ಡ ಪರಂಪರೆ ನಿಮ್ಮ ವಿಷಯದಲ್ಲೇ ಹುಟ್ಟಿತು. ರಸಾಯನಶಾಸ್ತ್ರಜ್ಞ ನೀಲ್ ಗಾರ್ಡನ್ ಅವರು 1931ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಕೂಟಗಳು ಇಂದು ಅವರ ಹೆಸರಿನಲ್ಲೇ ನಡೆಯುತ್ತಿವೆ. ಬೆಳಿಗ್ಗೆ ಗೋಷ್ಠಿ, ರಾತ್ರಿ ಗೋಷ್ಠಿ, ಮಧ್ಯಾಹ್ನ ಬಿಡುವು. ಅಲ್ಲಿ ಆಡಿದ ಮಾತನ್ನು ಹೊರಗೆ ಉಲ್ಲೇಖಿಸುವಂತಿಲ್ಲ ಎಂಬ ನಿಯಮವೂ ಇರುವುದರಿಂದ, ಇನ್ನೂ ಪೂರ್ತಿಯಾಗದ ಪ್ರಯೋಗವನ್ನು ಮುಂದಿಟ್ಟು ಸಲಹೆ ಕೇಳುವ ಧೈರ್ಯ ಜನರಿಗೆ ಬರುತ್ತದೆ.

ಜರ್ಮನಿಯ ಕಪ್ಪುಕಾಡಿನ ಓಬರ್‌ವುಲ್ಫಾಕ್‌ನಲ್ಲಿ ಗಣಿತಜ್ಞರ ಸಂಸ್ಥೆಯೊಂದಿದೆ. ವಾರಕ್ಕೆ ಸುಮಾರು ಐವತ್ತು ಮಂದಿಗಷ್ಟೇ ಆಹ್ವಾನ. ಊಟದ ಮೇಜಿನ ಮೇಲೆ ಪ್ರತಿಯೊಬ್ಬರ ಹೆಸರು ಬರೆದ ಕರವಸ್ತ್ರದ ಚೀಲವಿರುತ್ತದೆ. ಸಿಬ್ಬಂದಿ ಅವನ್ನು ಅದಲುಬದಲು ಮಾಡಿಡುತ್ತಾರೆ. ಹೀಗಾಗಿ ಹೆಸರಾಂತ ಪ್ರಾಧ್ಯಾಪಕರ ಪಕ್ಕದಲ್ಲಿ ಆಗಷ್ಟೇ ಸಂಶೋಧನೆ ಶುರುಮಾಡಿದ ಹುಡುಗಿ ಕುಳಿತು ಸೂಪು ಕುಡಿಯುತ್ತಾಳೆ. ಬುಧವಾರ ಮಧ್ಯಾಹ್ನ ಎಲ್ಲರೂ ಕಾಡಿನ ಹಾದಿಯಲ್ಲಿ ನಡೆಯುತ್ತಾರೆ. ನಿಮ್ಮ ಸಂಘಟಕರಿಗೆ ಕೊರತೆಯಾದದ್ದು ಇಂಥ ಮುಂದಾಲೋಚನೆ.

ಇನ್ನು ಇಂಥ ಕೂಟಗಳಿಂದ ಆಗುವ ಬದಲಾವಣೆಯ ಮಾತು. 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೋಮಾರ್‌ನಲ್ಲಿ ಜೀವರಸಾಯನಶಾಸ್ತ್ರಜ್ಞ ಪಾಲ್ ಬರ್ಗ್ ಮತ್ತು ಸಂಗಡಿಗರು ಸುಮಾರು 140 ಮಂದಿಯನ್ನು ಸೇರಿಸಿದರು. ಒಂದು ಜೀವಿಯ ಡಿಎನ್‌ಎಯನ್ನು ಇನ್ನೊಂದಕ್ಕೆ ಬೆಸೆಯುವ ಪ್ರಯೋಗಗಳನ್ನು ಮುಂದುವರಿಸಬಹುದೇ, ಮುಂದುವರಿಸುವುದಾದರೆ ಯಾವ ಎಚ್ಚರಿಕೆಯೊಂದಿಗೆ ಎಂಬ ಒಂದೇ ಪ್ರಶ್ನೆ ಅವರ ಮುಂದಿತ್ತು. ವಿಜ್ಞಾನಿಗಳ ಜೊತೆಗೆ ವಕೀಲರನ್ನೂ ಪತ್ರಕರ್ತರನ್ನೂ ಕರೆದಿದ್ದರು. ಅವಘಡವಾದರೆ ಹೊಣೆ ಯಾರದೆಂದು ವಕೀಲರು ವಿವರಿಸಿದ ರಾತ್ರಿಯೇ ಸಂಘಟಕರು ನಿದ್ದೆಗೆಟ್ಟು ಹೇಳಿಕೆಯ ಕರಡು ಬರೆದು, ಕೊನೆಯ ಬೆಳಿಗ್ಗೆ ಸಭೆಯ ಮುಂದಿಟ್ಟು ಒಪ್ಪಿಗೆ ಪಡೆದರು. ಮರುವರ್ಷ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಮಾರ್ಗಸೂಚಿಯನ್ನೇ ಹೊರಡಿಸಿತು.

ನಮ್ಮಲ್ಲಿ? ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ವೇದಿಕೆಯ ಪ್ರತಿಯೊಬ್ಬರಿಗೂ ಶಾಲು, ಹಾರ, ನೆನಪಿನ ಕಾಣಿಕೆ. ಇಷ್ಟು ಮುಗಿಯುವ ಹೊತ್ತಿಗೆ ಊಟದ ಸಮಯ. ವರ್ಷಗಟ್ಟಲೆ ದುಡಿದ ಸಂಶೋಧಕನ ಮುಂದೆ ಗೋಷ್ಠಿಯ ಅಧ್ಯಕ್ಷರು ‘ಎರಡೇ ನಿಮಿಷ’ ಎಂಬ ಚೀಟಿ ಇಡುತ್ತಾರೆ; ಪ್ರಶ್ನೆಗಳಿಗೆ ಸಮಯವೇ ಉಳಿಯುವುದಿಲ್ಲ. ಯುಜಿಸಿಯ 2010ರ ನಿಯಮಾವಳಿ ಪ್ರಬಂಧ ಮಂಡನೆಗೂ ಎಪಿಐ ಅಂಕ (ಅಧ್ಯಾಪಕರ ಬಡ್ತಿಗೆ ಲೆಕ್ಕ ಹಾಕುವ ಸಾಧನೆಯ ಅಂಕ) ಕೊಟ್ಟಾಗಿನಿಂದ ಪ್ರಮಾಣಪತ್ರವೇ ಸಂಕಿರಣದ ಫಲವೆಂದು ನಂಬುವ ಒಂದು ಪೀಳಿಗೆಯನ್ನು ನಾವು ಬೆಳೆಸಿದ್ದೇವೆ. ಬಡ್ತಿಗೆ ಬೇಕಾದ ಕಾಗದಕ್ಕಾಗಿ ಅಧ್ಯಾಪಕರನ್ನು ಊರೂರು ಅಲೆಸಿದ ವ್ಯವಸ್ಥೆಯ ಮೇಲೆ ನನಗೆ ಕೋಪವಿದೆ, ಅಲೆದವರ ಮೇಲಲ್ಲ.

ನೀವು ಪತ್ರ ಬರೆಯುವಷ್ಟು ಕಾಳಜಿಯುಳ್ಳವರು. ನಿಮ್ಮ ಕಾಲೇಜಿನಲ್ಲಿ ಸಂಕಿರಣ ನಡೆಸುವ ಸರದಿ ಬಂದಾಗ ಪ್ರಬಂಧಗಳನ್ನು ಹದಿನೈದು ದಿನ ಮೊದಲೇ ಎಲ್ಲರಿಗೂ ಕಳುಹಿಸಿ. ಹೆಸರಿನ ಪಟ್ಟಿಯಲ್ಲಿ ಪದವಿಗಳ ಬದಲು, ಪ್ರತಿಯೊಬ್ಬರೂ ಸದ್ಯ ಎಲ್ಲಿ ಸಿಕ್ಕಿಕೊಂಡಿದ್ದಾರೆಂಬ ಒಂದು ಸಾಲು ಅಚ್ಚಾಗಲಿ. ಪ್ರಯೋಗಾಲಯದ ಸಹಾಯಕರನ್ನೂ ಹತ್ತಿರದ ಕಾರ್ಖಾನೆಯ ರಸಾಯನಶಾಸ್ತ್ರಜ್ಞರನ್ನೂ ಕರೆಯಿರಿ. ಉದ್ಘಾಟನೆಗೆ ಅರ್ಧ ಗಂಟೆ ಸಾಕು; ಉಳಿದ ಹೊತ್ತನ್ನು ಮಧ್ಯಾಹ್ನಕ್ಕೆ ಸೇರಿಸಿ.