ಜಾವಾದ ಗದ್ದೆ ಯಾರ ಹೆಸರಿಗೆ?

ಪ್ರಶ್ನೆ: ಭಾರತದ ಪೌರತ್ವವನ್ನೇ ಉಳಿಸಿಕೊಂಡಿರುವ ನಮ್ಮ ಮಗಳು ಮಧ್ಯ ಜಾವಾದ ರೈತ ಕುಟುಂಬದ ಸೊಸೆ. ಅವಳ ಹೆಸರಿನಲ್ಲಿ ಗದ್ದೆ ಕೊಳ್ಳಬಹುದೇ? ನಾವು ಅಲ್ಲಿ ತಂಗಲು ನಿಯಮಗಳಿವೆಯೇ?

ಉತ್ತರ: ಕೊಳ್ಳಲಾಗದು. ಇಂಡೋನೇಷ್ಯಾದ 1960ರ ಭೂ ಕಾಯ್ದೆಯಂತೆ ‘ಹಕ್ ಮಿಲಿಕ್’ ಎಂಬ ಪೂರ್ಣ ಒಡೆತನ ಅಲ್ಲಿನ ಪ್ರಜೆಗಳಿಗಷ್ಟೇ ಮೀಸಲು. ವಿದೇಶಿಯರಿಗೆ ಅದು ಉತ್ತರಾಧಿಕಾರದಿಂದ ಬಂದರೂ ಒಂದು ವರ್ಷದೊಳಗೆ ಬಿಟ್ಟುಕೊಡಬೇಕು. ಬೇರೆಯವರ ಹೆಸರಿನಲ್ಲಿ ಕೊಂಡು ಒಳಗೊಳಗೇ ಕರಾರು ಮಾಡಿಕೊಳ್ಳುವಂತೆ ಯಾರಾದರೂ ಸೂಚಿಸಿದರೆ ದಯವಿಟ್ಟು ಒಪ್ಪಬೇಡಿ; ಅಂಥ ವ್ಯವಹಾರ ಅಸಿಂಧುವಾಗಿ ಜಮೀನು ಸರ್ಕಾರದ ಪಾಲಾಗುತ್ತದೆ, ಕೊಟ್ಟ ಹಣವೂ ಹಿಂದಿರುಗುವುದಿಲ್ಲ. ಅಳಿಯಂದಿರೇ ಕೊಳ್ಳುವುದಾದರೆ, ಗದ್ದೆಯಲ್ಲಿ ವಿದೇಶಿ ಪ್ರಜೆಯಾದ ಮಗಳ ಪಾಲು ಸೇರದಂತೆ, ದಂಪತಿಯ ಆಸ್ತಿ ಪ್ರತ್ಯೇಕವೆಂಬ ಕರಾರನ್ನು ಮೊದಲು ನೋಟರಿಯ ಮುಂದೆ ಬರೆಸಲಿ. ಅದನ್ನು ಮದುವೆಯ ನಂತರವೂ ಮಾಡಿಸಬಹುದು.

ತಂಗುವ ಅತಿಥಿಗಳು 24 ಗಂಟೆಯೊಳಗೆ ‘ಆರ್‌ಟಿ’ ಎಂಬ ನೆರೆಹೊರೆ ಘಟಕದ ಮುಖ್ಯಸ್ಥರಿಗೆ ತಿಳಿಸುವುದು ವಾಡಿಕೆ. ಪಾಸ್‌ಪೋರ್ಟ್ ಪ್ರತಿ ಹಿಡಿದು ಅಳಿಯಂದಿರೊಡನೆ ನೀವೇ ಹೋಗಿ ಭೇಟಿಯಾಗಿ.